ಬರ್ಕ್‌ನ ಕಥೆಯಲ್ಲಿ ಜೂಲಿಯಾಗೆ ಎಷ್ಟು ಜಾಗ ಕೊಡಲಿ?

ಅರಸೀಕೆರೆ ಸರ್ವೆಯರ್:

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಮೂವತ್ತೊಂದು ವರ್ಷ ಸರ್ವೆ ಕೆಲಸ ಮಾಡಿ ನಿವೃತ್ತನಾದವನು. ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. 2016ರಲ್ಲಿ ಮೊದಲ ಸಲ ಅಲ್ಲಿಗೆ ಹೋದಾಗ ಸ್ವಾನ್‌ಸ್ಟನ್ ಬೀದಿಯ ಮೂಲೆಯಲ್ಲಿ ಕಂಚಿನ ಪ್ರತಿಮೆ ಒಂದನ್ನು ಕಂಡೆ. ಒಬ್ಬ ನಿಂತಿದ್ದಾನೆ. ಇನ್ನೊಬ್ಬ ಪಕ್ಕದಲ್ಲಿ ಕೂತು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದಾನೆ. "ನಿಂತವನು ಬರ್ಕ್, ಕೂತವನು ವಿಲ್ಸ್. ಕೂತವನು ನಿಮ್ಮ ಹಾಗೇ ಸರ್ವೆಯರ್ ಅಪ್ಪ" ಅಂದಳು ಮಗಳು. ಅಷ್ಟು ಸಾಕಾಯಿತು. 2018ರಲ್ಲಿ ಮತ್ತೆ ಹೋದಾಗ ಮೆಟ್ರೋ ಸುರಂಗದ ಕೆಲಸಕ್ಕೆ ಅಂತ ಪ್ರತಿಮೆಯನ್ನು ಅಲ್ಲಿಂದ ತೆಗೆದಿದ್ದರು. ಖಾಲಿ ಜಾಗದ ಮುಂದೆ ನಿಂತಾಗ ಇದನ್ನು ಬರೆಯಲೇಬೇಕು ಅನ್ನಿಸಿತು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ರಾಬರ್ಟ್ ಓಹಾರಾ ಬರ್ಕ್ ಐರ್ಲೆಂಡಿನವನು, ಆಸ್ಟ್ರೇಲಿಯಾದಲ್ಲಿ ಪೊಲೀಸ್ ಅಧಿಕಾರಿ. 1860ರ ಆಗಸ್ಟ್ 20ರಂದು ಮೆಲ್ಬರ್ನ್‌ನಿಂದ ಹೊರಟ. ಭೂಖಂಡದ ದಕ್ಷಿಣ ತುದಿಯಿಂದ ಉತ್ತರದ ಕಡಲಿನ ತನಕ ಹೋಗಬೇಕು, ಸುಮಾರು 3,200 ಕಿಲೋಮೀಟರ್. ಅವನಿಗೆ ಕಾಡುಮೇಡಿನ ಅನುಭವವೇ ಇರಲಿಲ್ಲ. ಹತ್ತೊಂಬತ್ತು ಜನ, ಇಪ್ಪತ್ತಾರು ಒಂಟೆ, ಇಪ್ಪತ್ತಮೂರು ಕುದುರೆ, ಗಾಡಿಗಳ ತುಂಬ ಸಾಮಾನು. ನವೆಂಬರ್ ಹೊತ್ತಿಗೆ ಕೂಪರ್ ಹಳ್ಳದ ದಂಡೆ ಸೇರಿದರು. ಅಲ್ಲಿ ಒಂದು ಠಾಣ್ಯ ಮಾಡಿ, ಬ್ರಾಹೆ ಅನ್ನುವವನನ್ನೂ ಕೆಲವರನ್ನೂ ಕಾವಲಿಗೆ ಬಿಟ್ಟು, ಡಿಸೆಂಬರ್ 16ಕ್ಕೆ ನಾಲ್ವರೇ ಮುಂದೆ ಹೊರಟರು: ಬರ್ಕ್, ವಿಲ್ಸ್, ಕಿಂಗ್, ಗ್ರೇ. ಫೆಬ್ರವರಿಯಲ್ಲಿ ಉತ್ತರದ ಕಡಲ ಹತ್ತಿರ ಮುಟ್ಟಿದರು. ಹತ್ತಿರ ಅಷ್ಟೇ. ನೀರು ಉಪ್ಪಾಗಿತ್ತು, ಭರತ ಇಳಿತ ಕಾಣುತ್ತಿತ್ತು, ಆದರೆ ಮ್ಯಾಂಗ್ರೋವ್ ಕೆಸರು ದಾಟಿ ಸಮುದ್ರ ನೋಡಲು ಆಗಲೇ ಇಲ್ಲ.

ವಾಪಸ್ ಬರುವಾಗ ಗ್ರೇ ಸತ್ತ. ಅವನನ್ನು ಹೂಳಲು ಒಂದು ಇಡೀ ದಿನ ಹಿಡಿಯಿತು, ಗುಂಡಿ ತೋಡುವಷ್ಟು ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. 1861ರ ಏಪ್ರಿಲ್ 21ರ ಸಂಜೆ ಉಳಿದ ಮೂವರು ಕೂಪರ್ ಠಾಣ್ಯಕ್ಕೆ ಬಂದರು. ಯಾರೂ ಇಲ್ಲ. ನಾಲ್ಕು ತಿಂಗಳಿಗೂ ಜಾಸ್ತಿ ಕಾದ ಬ್ರಾಹೆ ಅದೇ ದಿನ ಬೆಳಿಗ್ಗೆ ಹೊರಟುಹೋಗಿದ್ದ. ಒಂಬತ್ತು ಗಂಟೆಯ ಅಂತರ! ಮರದ ಮೇಲೆ "ಅಗೆಯಿರಿ" ಅಂತ ಕೆತ್ತಿ, ಬುಡದಲ್ಲಿ ಒಂದಿಷ್ಟು ಆಹಾರವನ್ನೂ ಒಂದು ಚೀಟಿಯನ್ನೂ ಹೂತಿಟ್ಟಿದ್ದ. ಆ ರಾತ್ರಿ ಬ್ರಾಹೆಯ ಗುಂಪು ತಂಗಿದ್ದು ಅಲ್ಲಿಂದ ಬರೀ 22 ಕಿಲೋಮೀಟರ್ ಆಚೆ.

ನನ್ನ ನಿದ್ದೆ ಕೆಡಿಸಿದ್ದು ಇದರ ಮುಂದಿನ ಸಂಗತಿ. ಬರ್ಕ್ ಆಹಾರ ತೆಗೆದುಕೊಂಡ, ತಾನೂ ಒಂದು ಕಾಗದ ಬರೆದು ಅದೇ ಗುಂಡಿಯಲ್ಲಿಟ್ಟ, ಮಣ್ಣು ಮುಚ್ಚಿ ಮೊದಲಿದ್ದ ಹಾಗೇ ಮಾಡಿದ. ಮರದ ಮೇಲಿನ ಬರಹವನ್ನು ಬದಲಿಸಲಿಲ್ಲ. ಹಳ್ಳದ ಗುಂಟ ಬೇರೆ ದಿಕ್ಕಿಗೆ ಹೊರಟ. ಮೇ 8ರಂದು ಬ್ರಾಹೆ ಮನಸ್ಸು ತಡೆಯದೆ ಮತ್ತೆ ಬಂದು ನೋಡಿದ. ಗುರುತು ಹಾಗೇ ಇದೆ, ಮಣ್ಣು ಹಾಗೇ ಇದೆ. ಯಾರೂ ಬಂದಿಲ್ಲ ಅಂದುಕೊಂಡು ಅಗೆಯದೇ ಹೋದ. ಜೂನ್ ಮುಗಿಯುವ ಹೊತ್ತಿಗೆ ವಿಲ್ಸ್ ಮತ್ತು ಬರ್ಕ್ ಇಬ್ಬರೂ ಸತ್ತರು.

ಬಾಂದು ಕಲ್ಲಿನ ಜೊತೆ ಬದುಕಿದವನಿಗೆ ಇದು ಎಷ್ಟು ಚುಚ್ಚುತ್ತದೆ ಅಂತ ಹೇಗೆ ಹೇಳಲಿ? ಕಲ್ಲು ನೆಟ್ಟಮೇಲೆ ಟಿಪ್ಪಣಿಯಲ್ಲಿ ಬರೆಯಬೇಕು, ಕಲ್ಲು ಕಿತ್ತರೂ ಬರೆಯಬೇಕು. ಇನ್ನೊಬ್ಬ ಬಂದು ನೋಡಿದರೆ ಅವನಿಗೆ ತಿಳಿಯಬೇಕು. ನಮ್ಮ ಕೆಲಸ ಅಂದರೆ ಅಷ್ಟೇ ತಾನೇ.

ಈಗ ಜೂಲಿಯಾ ವಿಷಯ. ಜೂಲಿಯಾ ಮ್ಯಾಥ್ಯೂಸ್ ನಾಟಕದ ನಟಿ, ಹಾಡುಗಾರ್ತಿ. ಆಗಿನ್ನೂ ಇಪ್ಪತ್ತು ದಾಟದ ಹುಡುಗಿ. ಅವಳ ತಂಡ ಬೀಚ್‌ವರ್ತ್ ಊರಿಗೆ ಬಂದಾಗ ಬರ್ಕ್ ಅಲ್ಲಿ ಪೊಲೀಸ್ ಅಧಿಕಾರಿ. ನಲವತ್ತರ ಹತ್ತಿರದವನು. ಮನಸ್ಸು ಕೊಟ್ಟ, ಮದುವೆಯಾಗು ಅಂತ ಕೇಳಿದ, ಅವಳು ಒಪ್ಪಲಿಲ್ಲ. ಯಾತ್ರೆ ಹೊರಡುವ ಮುನ್ನ ಮತ್ತೆ ಕೇಳಿದ ಎಂಬ ಮಾತೂ ಇದೆ. ನಾನು ನೂರಾ ನಲವತ್ತು ಪುಟ ಬರೆದಿದ್ದೇನೆ. ಪ್ರತಿ ಅಧ್ಯಾಯದಲ್ಲೂ ಪೆನ್ನು ತಾನಾಗಿ ಜೂಲಿಯಾ ಕಡೆಗೇ ಎಳೆಯುತ್ತದೆ. ಗೆದ್ದು ಬಂದರೆ ಅವಳು ಒಪ್ಪುತ್ತಾಳೆ ಅಂತಲೇ ಅವನು ಅಷ್ಟು ಅವಸರ ಮಾಡಿದ, ಅಂತ ಬರೆದುಬಿಟ್ಟಿದ್ದೇನೆ.

ಹೀಗೇಕೆ ಬರೆದೆ ಅನ್ನುವುದೂ ನನಗೆ ಗೊತ್ತು. ಹೇಳಿಬಿಡುತ್ತೇನೆ. 1987ರಲ್ಲಿ ಒಬ್ಬಳು ಅರಸೀಕೆರೆ ಸ್ಟೇಷನ್ನಿನಲ್ಲಿ ನನಗಾಗಿ ಕಾದಿದ್ದಳು. ಅವಳಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತ್ತು. ಹೊರಡುವ ಮೊದಲು ಒಂದು ಮಾತು ಆಗಬೇಕಿತ್ತು. ನಾನು ಆ ದಿನ ಕಡೂರು ಕಡೆ ಒಂದು ಹಳ್ಳಿಯಲ್ಲಿ ಅಳತೆಗೆ ಹೋಗಿದ್ದೆ. ಅಣ್ಣತಮ್ಮಂದಿರ ಜಗಳ, ಬದು ಒಪ್ಪುವುದರೊಳಗೆ ಕತ್ತಲಾಯಿತು, ಕೊನೇ ಬಸ್ಸು ತಪ್ಪಿತು. ಬೆಳಗಿನ ಮೊದಲ ಬಸ್ಸಿಗೆ ಬಂದೆ. ಟೀ ಅಂಗಡಿಯವನು "ಆ ಯಮ್ಮ ರಾತ್ರಿ ಗಾಡಿ ತನಕ ಇಲ್ಲೇ ಕೂತಿತ್ತು ಸಾ" ಅಂದ. ತಿಂಗಳಾದ ಮೇಲೆ ಹುಬ್ಬಳ್ಳಿಗೆ ಹೋದೆ. ಅವಳಿದ್ದ ಮನೆಯ ಎದುರು ನಿಂತೆ. ಒಳಗೆ ಅವಳ ತಾಯಿ ಮಾತಾಡುತ್ತಿದ್ದದ್ದು ಕೇಳಿಸಿತು. ಬಾಗಿಲು ತಟ್ಟಲಿಲ್ಲ. ಚೀಟಿ ಇಡಲಿಲ್ಲ. ವಾಪಸ್ ಬಂದೆ. ಎಂಟು ವರ್ಷದ ಮೇಲೆ ತಿಪಟೂರಿನ ಒಂದು ಮದುವೆಯಲ್ಲಿ ಸಿಕ್ಕಳು. "ನೀವು ಬರಲೇ ಇಲ್ಲವಲ್ಲ" ಅಂದಳು. ಎರಡು ಸಲ ಬಂದಿದ್ದೆ ಅನ್ನಲು ನನಗೆ ಬಾಯಿ ಬರಲಿಲ್ಲ.

ನನ್ನ ಪ್ರಶ್ನೆ ಇದು. ಸತ್ತು ನೂರಾರವತ್ತು ವರ್ಷ ಆದವನ ಎದೆಯೊಳಗೆ ನಾನು ನನ್ನದನ್ನು ತುರುಕುತ್ತಿದ್ದೇನೆಯೇ? ಜೂಲಿಯಾಳನ್ನು ಕಾರಣ ಮಾಡುವುದು ನ್ಯಾಯವೇ? ಓದಿದವರು, ಆ ಕಡೆ ಇರುವವರು ಹೇಳಿ.

ಕೆಂಪುಧೂಳು:

ಸರ್, ನಾನು ಬ್ರಿಸ್ಬೇನ್‌ನಲ್ಲಿದ್ದೇನೆ. ಮೂಲ ಚಳ್ಳಕೆರೆ. ಮೂರು ವರ್ಷದ ಹಿಂದೆ ನಾವು ನಾಲ್ಕು ಜನ ಗಾಡಿ ಮಾಡಿಕೊಂಡು ಆ ಮರ ನೋಡಲು ಹೋಗಿದ್ದೆವು. ಇಲ್ಲಿ ಅದನ್ನು ಡಿಗ್ ಟ್ರೀ ಅಂತಲೇ ಕರೆಯುತ್ತಾರೆ. ಕ್ವೀನ್ಸ್‌ಲ್ಯಾಂಡಿನ ಗಡಿ ಹತ್ತಿರ, ನಾಪಾ ಮೆರಿ ಅನ್ನುವ ದನದ ಫಾರಮ್ಮಿನೊಳಗೆ ಇದೆ. ಕೂಲಿಬಾ ಜಾತಿಯ ಮರ, ಇನ್ನೂ ಜೀವ ಇದೆ. ಬೇರು ತುಳಿಯಬಾರದು ಅಂತ ಸುತ್ತ ಹಲಗೆಯ ದಾರಿ ಮಾಡಿದ್ದಾರೆ. ಕೆತ್ತಿದ ಅಕ್ಷರದ ಮೇಲೆ ತೊಗಟೆ ಬೆಳೆದು ಮುಚ್ಚಿಕೊಂಡಿದೆ, ಗಾಯ ಮಾಗಿ ತುಟಿ ಸೇರಿದ ಹಾಗೆ. ಪಕ್ಕದ ಇನ್ನೊಂದು ಮರದಲ್ಲಿ ಬರ್ಕ್‌ನ ಮುಖ ಇದೆ, 1898ರಲ್ಲಿ ಯಾರೋ ಕೆತ್ತಿದ್ದು.

ಪ್ರೀತಿ ವಿಷಯ ನನಗೆ ಗೊತ್ತಾಗಲ್ಲ. ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ನೀವು ಮರುಭೂಮಿ ಅಂತ ಬರೆದು, ಓದುವವರ ಕಣ್ಣಿಗೆ ರಾಜಸ್ಥಾನದ ಮರಳುದಿಬ್ಬ ಬಂದರೆ ಕಥೆ ಹಾಳಾಗುತ್ತದೆ. ಸುತ್ತ ಹೌದು, ಕಲ್ಲುಬಯಲು, ಕೆಂಪು ದಿಬ್ಬ, ನೂರಾರು ಮೈಲಿ ಏನೂ ಇಲ್ಲ. ಆದರೆ ಮರದ ಬುಡದಲ್ಲೇ ದೊಡ್ಡ ಮಡು. ನಾವು ಹೋದಾಗ ದಂಡೆ ತುಂಬ ನೀರು. ಪೆಲಿಕನ್ ತೇಲುತ್ತಿದ್ದವು, ಮರದ ಮೇಲೆ ಬಿಳಿ ಕಾಕಟೂಗಳ ಗಲಾಟೆ. ನಮ್ಮ ಜೊತೆಯವನು ಗಾಳ ಹಾಕಿ ಅರ್ಧ ಗಂಟೆಯಲ್ಲಿ ಎರಡು ಮೀನು ಹಿಡಿದ. ಬರ್ಕ್ ಸತ್ತ ಜಾಗ ಇನ್ನಮಿಂಕ ಹತ್ತಿರ ಇದೆ, ಅದೂ ನೀರಿನ ದಂಡೆಯೇ. ಅಂದರೆ ಅವರು ಬಾಯಾರಿ ಸತ್ತವರಲ್ಲ. ನೀರಿನ ಪಕ್ಕದಲ್ಲಿ, ಮೀನಿನ ಪಕ್ಕದಲ್ಲಿ, ಆ ನೆಲದಲ್ಲಿ ತಲೆತಲಾಂತರದಿಂದ ಸಂಸಾರ ಮಾಡಿಕೊಂಡಿದ್ದ ಯಾಂಡ್ರುವಾಂಡಾ ಜನರ ನಡುವೆ ಹಸಿದು ಸತ್ತರು. ಆ ಜನ ಇವರಿಗೆ ಮೀನು ತಂದುಕೊಟ್ಟರು. ಬರ್ಕ್ ಸಿಟ್ಟಿನಲ್ಲಿ ಒಮ್ಮೆ ಅವರು ಕೊಟ್ಟ ಮೀನನ್ನು ಕೈಯಿಂದ ಬೀಳಿಸಿ, ಹೆದರಿಸಲು ಗುಂಡು ಹಾರಿಸಿದ. ಅವರು ದೂರ ಸರಿದರು.

ಆ ದಂಡೆಯಲ್ಲಿ ಕೂತು ನಾವು ಚಿತ್ರಾನ್ನ ತಿಂದೆವು ಸರ್. ಗಂಟಲಲ್ಲಿ ಇಳಿಯಲಿಲ್ಲ.

ಹಳೇ ಮೇಷ್ಟ್ರು:

ಸರ್ವೆಯರ್ ಸಾಹೇಬರಿಗೆ ನಮಸ್ಕಾರ. ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವನು. ಮೇಲಿನವರು ಹಸಿದು ಸತ್ತರು ಅಂದಿದ್ದಾರೆ. ಅದು ಪೂರ್ತಿ ಅಲ್ಲ. ಅವರ ಹೊಟ್ಟೆ ತುಂಬಿತ್ತು.

ನಾರ್ಡೂ ಅಂತ ಒಂದು ಗಿಡ. ಜರಿಗಿಡದ ಜಾತಿ, ನೀರಲ್ಲಿ ಬೆಳೆಯುತ್ತದೆ. ಒಂದು ಕಡ್ಡಿಗೆ ನಾಲ್ಕು ಎಲೆ. ನಮ್ಮ ಭತ್ತದ ಗದ್ದೆಯ ಬದುವಿನಲ್ಲಿ, ಕೆರೆಯ ಅಂಚಿನಲ್ಲಿ ಇದರ ಬಂಧುವೇ ಬೆಳೆಯುತ್ತದೆ. ನೀವು ಗದ್ದೆ ಅಳೆಯುವಾಗ ನೂರು ಸಲ ತುಳಿದಿರುತ್ತೀರಿ. ನೀರು ಇಂಗಿದ ಮೇಲೆ ಬುಡದಲ್ಲಿ ಕಡಲೆಗಿಂತ ಚಿಕ್ಕ, ಕಲ್ಲಿನಂಥ ಕಾಯಿ ಉಳಿಯುತ್ತದೆ. ಅದನ್ನು ಬೀಸಿ ಹಿಟ್ಟು ಮಾಡಿ ರೊಟ್ಟಿ ಮಾಡಬಹುದು. ಮೂವರೂ ಅದನ್ನೇ ದಿನಕ್ಕೆ ಸೇರುಗಟ್ಟಲೆ ತಿಂದರು. ವಿಲ್ಸ್ ದಿನಚರಿಯಲ್ಲಿ ಬರೆದಿದ್ದಾನೆ: ನಾರ್ಡೂ ತಿಂದು ಸೊರಗುವುದರಲ್ಲಿ ಸಂಕಟವೇನೂ ಇಲ್ಲ, ಆದರೆ ನಿಶ್ಶಕ್ತಿ, ಎದ್ದು ಓಡಾಡಲು ಆಗುವುದಿಲ್ಲ. ಕೊನೆಯ ಪುಟದಲ್ಲಿ ನಾಡಿ 48 ಅಂತ ಬರೆದ. ಸಾಯುವಾಗಲೂ ಅಳತೆ ಬಿಡದ ಮನುಷ್ಯ. ನಿಮಗೆ ಅವನು ಹತ್ತಿರದವನು ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಆ ಕಾಯಿಯಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ. ಅದು ಮೈಯೊಳಗಿನ ಬಿ1 ಜೀವಸತ್ವವನ್ನು ಒಡೆದು ಹಾಕುತ್ತದೆ. ಬಿ1 ಹೋದರೆ ಬೆರಿಬೆರಿ: ಕಾಲು ನಿಲ್ಲುವುದಿಲ್ಲ, ನಾಡಿ ಸೋಲುತ್ತದೆ, ಮೈ ಜೋಮು ಹಿಡಿಯುತ್ತದೆ. ಅವರನ್ನು ಕೊಂದದ್ದು ಇದೇ ಅಂತ ಹೇಳುವ ವಿಜ್ಞಾನಿಗಳಿದ್ದಾರೆ, ನನಗೂ ಅದು ಸರಿ ಅನ್ನಿಸುತ್ತದೆ. ಅಲ್ಲಿನ ಹೆಂಗಸರಿಗೆ ಇದರ ಅಡುಗೆ ಗೊತ್ತಿತ್ತು. ಕಾಯಿ ಹುರಿಯುತ್ತಿದ್ದರು, ನೀರು ಬಿಟ್ಟುಕೊಂಡು ಅರೆಯುತ್ತಿದ್ದರು, ಆ ಗಂಜಿಯನ್ನು ಕಪ್ಪೆಚಿಪ್ಪಿನಿಂದ ಎತ್ತಿ ಕುಡಿಯುತ್ತಿದ್ದರು. ಹಾಗೆ ಮಾಡಿದರೆ ವಿಷ ಅಡಗುತ್ತದೆ. ಇವರು ಒಣಗಿದ್ದನ್ನು ಸುಮ್ನೆ ಕುಟ್ಟಿ ತಿಂದರು. ಕಾಯಿ ತೋರಿಸಿದವರ ಜೊತೆ ಒಂದು ವಾರ ಒಲೆಯ ಮುಂದೆ ಕೂತಿದ್ದರೆ ಬದುಕುತ್ತಿದ್ದರೋ ಏನೋ.

ದಯವಿಟ್ಟು ಒಂದು ಅಧ್ಯಾಯವನ್ನು ಬೀಸುವ ಕಲ್ಲಿಗೆ ಕೊಡಿ.

ಜಾಲಿಮುಳ್ಳು:

ಒಂಟೆಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಅವುಗಳಲ್ಲಿ ಹೆಚ್ಚಿನವನ್ನು ಕರಾಚಿಯಿಂದ ಹಡಗಿನಲ್ಲಿ ತಂದದ್ದು. ಜೊತೆಗೆ ನಮ್ಮ ಕಡೆಯ ಒಂಟೆಗಾರರೂ ಹೋಗಿದ್ದರು. ಅವರಲ್ಲಿ ಸಾಮ್ಲಾ ಅನ್ನುವ ಹಿಂದೂ ಒಬ್ಬನಿದ್ದ. ಉಪ್ಪು ಹಾಕಿದ ಗೋಮಾಂಸ ತಿನ್ನಲಾಗದೆ ಶುರುವಿನಲ್ಲೇ ಕೆಲಸ ಬಿಟ್ಟ. ದೋಸ್ತ್ ಮಹಮ್ಮದ್ ಅನ್ನುವವನ ಬಲಗೈಯನ್ನು ಒಂಟೆಯೊಂದು ಕಚ್ಚಿ ಊನ ಮಾಡಿತು. ಅವನು ದಾರಿಯ ಮೆನಿಂಡಿ ಊರಿನಲ್ಲೇ ಮಣ್ಣಾದ. ಬರ್ಕ್ ಜೊತೆ ಕೊನೆಗೆ ಉಳಿದ ಒಂಟೆಯ ಹೆಸರು ರಾಜಾ. ಇವರಿಗೂ ನಾಲ್ಕು ಸಾಲು ಇರಲಿ ಸರ್.

ತುಂಗೆಯ ದಡ:

ಸರ್, ನಿಮ್ಮ ಸ್ಟೇಷನ್ನಿನ ಭಾಗ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದಕ್ಕೇ ಈ ಮಾತನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಜೂಲಿಯಾಳನ್ನು ಕಾರಣ ಮಾಡಬೇಡಿ.

ಅವಸರಕ್ಕೆ ಬೇರೆ ಕಾರಣ ಕಣ್ಣೆದುರೇ ಇವೆ. ಅಡಿಲೇಡ್ ಕಡೆಯಿಂದ ಸ್ಟುವರ್ಟ್ ಅನ್ನುವ ಇನ್ನೊಬ್ಬ ಅನ್ವೇಷಕ ಅದೇ ಗುರಿಗೆ ಹೊರಟಿದ್ದ, ಮೊದಲು ದಾಟಿದವನಿಗೆ ಎರಡು ಸಾವಿರ ಪೌಂಡ್ ಬಹುಮಾನ ಇತ್ತು. ಬರ್ಕ್‌ನನ್ನು ಕಳಿಸಿದ ಮೆಲ್ಬರ್ನ್ ಸಮಿತಿಗೆ ಗೆಲ್ಲುವ ಆತುರ. ಬರ್ಕ್‌ನ ತಮ್ಮ ಕ್ರಿಮಿಯಾ ಯುದ್ಧದಲ್ಲಿ ಸತ್ತಿದ್ದ. ತಾನೂ ಹೋರಾಡಬೇಕು ಅಂತ ಬರ್ಕ್ 1856ರಲ್ಲಿ ಇಂಗ್ಲೆಂಡಿನ ತನಕ ಹೋದ. ತಲುಪುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ತಡವಾಗಿ ತಲುಪುವುದು ಅವನಿಗೆ ಕೂಪರ್ ದಂಡೆಯಲ್ಲಿ ಹೊಸದಲ್ಲ. ಆ ಅವಮಾನವನ್ನು ಹೊತ್ತುಕೊಂಡವನು ಎರಡನೇ ಸಲ ತಡ ಆಗಬಾರದು ಅಂತ ಓಡಿದ ಅಂತ ಬರೆಯಿರಿ, ನಾನು ನಂಬುತ್ತೇನೆ.

ಜೂಲಿಯಾ ಬೇಡ ಅಂದಳು. ಆ ವಯಸ್ಸಿನ ಹುಡುಗಿ, ತಂದೆಯ ವಯಸ್ಸಿನವನಿಗೆ ಬೇಡ ಅಂದದ್ದರಲ್ಲಿ ತಪ್ಪೇನಿದೆ? ಆಮೇಲೆ ಅವಳು ತನ್ನ ಬದುಕು ಕಟ್ಟಿಕೊಂಡಳು. 1867ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗದ ಮೇಲೆ ಹಾಡಿದಳು. 1876ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ತೀರಿಕೊಂಡಳು, ಬರೀ ಮೂವತ್ತಮೂರು ವರ್ಷ. ಊರೂರು ಹಾಡುತ್ತ ತಿರುಗಿದವಳು ಊರಲ್ಲದ ಊರಿನಲ್ಲಿ ಸತ್ತಳು. ಅವಳ ಯಾತ್ರೆಯೂ ಚಿಕ್ಕದಲ್ಲ ಅಲ್ವಾ? ಅವಳನ್ನು ಒಬ್ಬ ಗಂಡಸಿನ ಸಾವಿನ ಕಾರಣ ಮಾಡಿ ಮುಗಿಸಬೇಡಿ.

ಇನ್ನೊಂದು ಮಾತು. ನಿಮ್ಮ ಪ್ರಶ್ನೆಯಲ್ಲಿ ಕಿಂಗ್ ಹೆಸರು ಒಂದೇ ಸಲ ಬಂದಿದೆ. ಬದುಕಿ ಬಂದವನು ಅವನೊಬ್ಬನೇ. ಸಿಪಾಯಿ, ಪೇಶಾವರದಲ್ಲಿ ಇದ್ದವನು, 1857ರ ದಂಗೆ ಕಂಡವನು. ಒಂಟೆಗಳ ಜೊತೆ ಬಂದ ಇಪ್ಪತ್ತೊಂದರ ಹುಡುಗ. ಬರ್ಕ್ ಸಾಯುವ ಹಿಂದಿನ ರಾತ್ರಿ ಇವನ ಹತ್ತಿರ ಕೇಳಿಕೊಂಡ: ನನ್ನ ಪ್ರಾಣ ಪೂರ್ತಿ ಹೋಗುವ ತನಕ ಇಲ್ಲೇ ಇರು, ಹತ್ತಿರ ಯಾರೋ ಇದ್ದಾರೆ ಅಂತ ಗೊತ್ತಿದ್ದರೆ ಸಮಾಧಾನ. ಬಲಗೈಗೆ ಪಿಸ್ತೂಲು ಕೊಡು, ಹೂಳಬೇಡ, ಹೀಗೇ ಬಿಡು. ಕಿಂಗ್ ಹಾಗೇ ಮಾಡಿದ. ಆಮೇಲೆ ಯಾಂಡ್ರುವಾಂಡಾ ಜನರನ್ನು ಹುಡುಕಿಕೊಂಡು ಹೋದ. ಅವನು ಬರ್ಕ್‌ನ ಹೆಣ ತೋರಿಸಿದಾಗ ಅವರು ಬಿಕ್ಕಿ ಬಿಕ್ಕಿ ಅತ್ತರು, ಗಿಡದ ಕೊಂಬೆ ತಂದು ಮುಚ್ಚಿದರು. ತಮ್ಮ ಮೇಲೆ ಗುಂಡು ಹಾರಿಸಿದವನಿಗೆ!

ಅಲ್ಲೊಬ್ಬಳಿಗೆ ತೋಳಲ್ಲಿ ಹುಣ್ಣಾಗಿತ್ತು. ಕಿಂಗ್ ನೀರು ಕಾಯಿಸಿ, ಹುಣ್ಣು ತೊಳೆದು, ಸಿಲ್ವರ್ ನೈಟ್ರೇಟ್ ಹಚ್ಚಿದ. ಅವಳು "ಬೆಂಕಿ, ಬೆಂಕಿ" ಅಂತ ಅವಳ ಭಾಷೆಯಲ್ಲಿ ಕಿರುಚುತ್ತ ಓಡಿದಳು. ಅವತ್ತಿನಿಂದ ಅವಳೂ ಅವಳ ಗಂಡನೂ ಬೆಳಿಗ್ಗೆ ಸಂಜೆ ಅವನಿಗೆ ಒಂದು ಪಾಲು ನಾರ್ಡೂ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಹುಡುಕುವ ತಂಡ ಬರುವ ತನಕ ಆ ಜನರೇ ಅವನನ್ನು ಸಾಕಿದರು.

ನಿಮ್ಮ ಅರಸೀಕೆರೆ ಕಥೆಯನ್ನು ಬೇರೆಯಾಗಿ ಬರೆಯಿರಿ ಸರ್. ಅದಕ್ಕೆ ಆಸ್ಟ್ರೇಲಿಯಾದ ಆಸರೆ ಬೇಡ.

ಅರಸೀಕೆರೆ ಸರ್ವೆಯರ್:

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಎರಡು ಸಲ ಓದಿದೆ.

ತುಂಗೆಯ ದಡದವರೇ, ನೀವು ಹೇಳಿದ್ದು ನಾಟಿತು. ಬೆಳಿಗ್ಗೆ ಎದ್ದು ಜೂಲಿಯಾ ಬರುವ ಪುಟಗಳನ್ನೆಲ್ಲ ಬೇರೆ ಮಾಡಿದೆ. ನಲವತ್ತೆಂಟು ಪುಟ. ಅದರಲ್ಲಿ ಅವಳು ಮಾತಾಡಿದ್ದು ಆರು ಸಾಲು ಮಾತ್ರ. ಉಳಿದದ್ದೆಲ್ಲ ಬರ್ಕ್‌ನ ಬಾಯಲ್ಲಿ ನಾನು. ಇಷ್ಟು ವರ್ಷ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವಳು ಈಗ ಬೀಚ್‌ವರ್ತ್‌ನ ಒಂದೇ ಅಧ್ಯಾಯದಲ್ಲಿ ಬರುತ್ತಾಳೆ. ಹಾಡುತ್ತಾಳೆ, ಬೇಡ ಅನ್ನುತ್ತಾಳೆ, ಮುಂದಿನ ಊರಿಗೆ ಗಾಡಿ ಹತ್ತುತ್ತಾಳೆ.

ಕೆಂಪುಧೂಳು ಅವರೇ, "ಬರಡು ಮರಳು" ಅಂತ ನಾನು ಬರೆದ ಜಾಗದಲ್ಲೆಲ್ಲ ಮಡು ಬಂತು, ಕಾಕಟೂ ಬಂದವು. ಸಾಮ್ಲಾ ಬಂದಿದ್ದಾನೆ.

ಗುರುತು ಬದಲಿಸದೆ ಹೋದ ಆ ಸಂಜೆಯನ್ನು ಮಾತ್ರ ಬಿಡಲಾರೆ. ಅದು ಇರುತ್ತದೆ. ಆದರೆ ಕಾದಂಬರಿ ಅಲ್ಲಿ ಮುಗಿಯುವುದಿಲ್ಲ. ಶುರುವೇ ಬೇರೆ ಮಾಡುತ್ತಿದ್ದೇನೆ: ಚಳಿಯ ಬೆಳಗು, ಕಿಂಗ್ ಒಬ್ಬನೇ, ನೀರು ಕಾಯುತ್ತಿದೆ, ಎದುರಿಗೆ ತೋಳು ಚಾಚಿಕೊಂಡು ಕೂತ ಹೆಂಗಸು.

ಮೇಷ್ಟ್ರೇ, ಒಂದು ಸಂದೇಹ. ಸಿಲ್ವರ್ ನೈಟ್ರೇಟ್ ಮೈಗೆ ತಾಗಿದರೆ ಬಣ್ಣ ಹೇಗಿರುತ್ತದೆ?

ಹಳೇ ಮೇಷ್ಟ್ರು:

ಹಚ್ಚಿದಾಗ ಏನೂ ಕಾಣುವುದಿಲ್ಲ, ನೀರಿನ ಹಾಗೆ. ಬಿಸಿಲು ತಾಗಿದ ಮೇಲೆ ಕಂದು, ಆಮೇಲೆ ಕಪ್ಪು. ಲ್ಯಾಬಿನಲ್ಲಿ ನನ್ನ ಬೆರಳಿಗೆ ಎಷ್ಟೋ ಸಲ ಆಗಿದೆ. ತೊಳೆದರೆ ಹೋಗುವುದಿಲ್ಲ. ಹಳೇ ಚರ್ಮ ಉದುರಿ ಹೊಸದು ಬರುವ ತನಕ ಹಾಗೇ ಇರುತ್ತದೆ. ಹಚ್ಚಿದವನ ಬೆರಳಿನ ಮೇಲೂ ಇರುತ್ತದೆ, ಅದನ್ನು ಮರೆಯಬೇಡಿ.